ಹಿಂದಿನ ಗಾಡಿ ಬರುವ ತನಕ

ಬಸ್ಸಿನಲ್ಲಿ ತಲೆ ಎಣಿಸುವಾಗ ಅವರು ಬಾಯಿಬಿಟ್ಟು ಎಣಿಸುತ್ತಿರಲಿಲ್ಲ. ಹಿಂದಿನ ಸೀಟಿನಿಂದ ಶುರು ಮಾಡಿ, ಪ್ರತಿ ಸೀಟಿನ ಮೇಲಿನ ಕಂಬಿಯನ್ನು ಉಂಗುರದ ಬೆರಳಿನಿಂದ ಒಮ್ಮೆ ಟಣ್ ಎನ್ನಿಸುತ್ತ ಮುಂದೆ ಬರುತ್ತಿದ್ದರು. ಡ್ರೈವರ್ ಹಿಂದಿನ ಕಂಬಿ ಮುಟ್ಟುವಷ್ಟರಲ್ಲಿ ಬಸ್ಸಲ್ಲಿ ಎಷ್ಟು ಜನ, ಯಾರು ಎಲ್ಲಿ ಇಳಿಯುವವರು, ಯಾರ ಮಡಿಲಲ್ಲಿ ಮಗು, ಯಾರ ಕಾಲಡಿ ಕೋಳಿ, ಎಲ್ಲ ಅವರ ತಲೆಯೊಳಗೆ ಇರುತ್ತಿತ್ತು. ಟಿಕೆಟ್ ಮೆಷಿನ್ ಬಂದ ಮೇಲೂ ಆ ಟಣ್ ಟಣ್ ನಿಲ್ಲಲಿಲ್ಲ. "ಮೆಷಿನ್ ಟಿಕೆಟ್ ಎಣಿಸ್ತದೆ ಅಣ್ಣ, ಜನಾನ ಎಣಿಸಲ್ಲ" ಎನ್ನುತ್ತಿದ್ದರು.

ಹೋದ ತಿಂಗಳು ಅವರು ರಿಟೈರ್ ಆದರು. ಹೆಂಡತಿಯ ಊರು ಗಡಿಯಾಚೆ, ಆಂಧ್ರದಲ್ಲಿ. ಅಲ್ಲಿಗೆ ಹೊರಟುಹೋದರು. ಹೆಸರು ಬರೆದರೆ ಮುಳಬಾಗಿಲಿನಲ್ಲಿ ಅರ್ಧ ಜನಕ್ಕೆ ಯಾರೆಂದು ಗೊತ್ತಾಗುವುದಿಲ್ಲ. ಕಂಡಕ್ಟರಣ್ಣ ಎಂದರೆ ಎಲ್ಲರಿಗೂ ಗೊತ್ತು. ಕೋಲಾರದಿಂದ ನಮ್ಮ ಮುಳಬಾಗಿಲಿನ ಮೇಲೆ ನಂಗಲಿಗೆ ಹೋಗುವ ಸರ್ಕಾರಿ ಬಸ್ಸಿನ ಕಂಡಕ್ಟರು. ಜೊತೆಗೆ ನಾಲ್ಕು ವರ್ಷ ನಮ್ಮ ಊರಿನ ಫುಟ್‌ಬಾಲ್ ಕ್ಲಬ್ಬಿನ ಮ್ಯಾನೇಜರು. ಆ ಕೆಲಸಕ್ಕೆ ಅವರನ್ನು ತಂದವನು ನಾನು. ಮೊದಲ ವರ್ಷವೇ ತೆಗೆಯಲು ಹೊರಟವನೂ ನಾನೇ.

ನನ್ನದು ಹೆದ್ದಾರಿ ಪಕ್ಕದಲ್ಲಿ ಲಾರಿಗೆ ಬಾಡಿ ಕಟ್ಟುವ ವೆಲ್ಡಿಂಗ್ ಶಾಪು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಕೆಲಸಕ್ಕೆ ನಿಂತವನು. ನಾನು ಹಾಕಿದ ಬೆಸುಗೆ ಬಿಟ್ಟುಕೊಂಡು ಇವತ್ತಿನವರೆಗೆ ಒಂದು ಲಾರಿಯೂ ವಾಪಸ್ ಬಂದಿಲ್ಲ. ನಮ್ಮ ಮೈದಾನದ ಎರಡು ಗೋಲ್ ಪೋಸ್ಟುಗಳೂ ನನ್ನ ಕೈಯವೇ. ಅದಕ್ಕೇ ನನ್ನನ್ನು ಕಮಿಟಿಗೆ ಸೇರಿಸಿಕೊಂಡಿದ್ದರು. ಆಟ ನನಗೆ ಬರುವುದಿಲ್ಲ. ಗೋಲ್ ಪೋಸ್ಟ್ ಅಲ್ಲಾಡಬಾರದು ಎನ್ನುವುದು ಮಾತ್ರ ಗೊತ್ತು.

ಮೊದಲು ಹೈಸ್ಕೂಲಿನ ಪಿ.ಟಿ. ಮೇಷ್ಟರು ಹುಡುಗರಿಗೆ ಕಲಿಸುತ್ತಿದ್ದರು. ಅವರಿಗೆ ವರ್ಗವಾಯಿತು. ಅವರು ಹೋದದ್ದೇ ತಡ, ಭಾನುವಾರ ಬೆಳಿಗ್ಗೆ ಹನ್ನೊಂದು ಜನ ಒಂದು ಕಡೆ ಸೇರುವುದೇ ಕಷ್ಟವಾಯಿತು. ಒಬ್ಬ ಟೊಮೆಟೊ ಮಂಡಿಯಲ್ಲಿ ಲೋಡು ಹೊರುತ್ತಿದ್ದ. ಇನ್ನೊಬ್ಬನ ಮನೆಯಲ್ಲಿ ಅವತ್ತೇ ರೇಷ್ಮೆಹುಳು ಹಣ್ಣಾಗಿ, ಗೂಡು ಕಟ್ಟಲು ಚಂದ್ರಂಕಿ ತಟ್ಟೆಗೆ ಬಿಡುವ ದಿನ. ಮತ್ತೊಬ್ಬ ಸುಮ್ಮನೆ ಮಲಗಿರುತ್ತಿದ್ದ. ಒಂದು ಸಲ ಕೋಲಾರಕ್ಕೆ ಎಂಟು ಜನ ಹೋಗಿ ಆಡಿ ಬಂದೆವು. ಆ ನಾಚಿಕೆ ಈಗಲೂ ಇದೆ.

ಆಗ ನನಗೆ ಕಂಡಕ್ಟರಣ್ಣ ನೆನಪಾದರು. ಹೊರಗಿನ ಊರುಗಳಿಗೆ ಆಡಲು ಹೋಗುವಾಗ ನಮ್ಮ ಹುಡುಗರು ಹತ್ತುತ್ತಿದ್ದದ್ದು ಅವರ ಬಸ್ಸು. ವಾಪಸ್ ಬರುವಾಗ ಒಬ್ಬ ಕಮ್ಮಿಯಾದರೂ ಬಸ್ಸು ಹೊರಡುತ್ತಿರಲಿಲ್ಲ. ನಾನು ಕಮಿಟಿಯಲ್ಲಿ ಅವರ ಹೆಸರು ಎತ್ತಿದೆ. ನಮ್ಮ ಸೆಕ್ರೆಟರಿ ಟೈಲರ್ ಭಾಯ್. ಜರ್ಸಿಯೆಲ್ಲ ಅವರ ಅಂಗಡಿಯಲ್ಲೇ ಹೊಲಿಸುವುದು, ಕಮಿಟಿ ಸೇರುವುದೂ ಅಲ್ಲೇ. ಪ್ರಾಯದಲ್ಲಿ ಚೆನ್ನಾಗಿ ಆಡಿದವರು. ಅವರು ಕತ್ತರಿ ಕೆಳಗಿಟ್ಟು ನನ್ನನ್ನು ನೋಡಿದರು.

"ಅರೇ ಭಾಯ್, ಅವ್ರಿಗೆ ಆಫ್‌ಸೈಡ್ ಅಂದ್ರೆ ಏನು ಅಂತ ಗೊತ್ತಾ?"

"ನಿಮಗೆ ಗೊತ್ತಲ್ಲ, ಹೇಳ್ಕೊಡಿ. ಮೊದ್ಲು ಹನ್ನೊಂದು ಜನಾನ ಮೈದಾನಕ್ಕೆ ತರೋರು ಬೇಕು."

"ಐವತ್ತಾರು ವರ್ಷದ ಹೊಸಬ! ನೋಡಿ, ನಿಮ್ ಮಾತಿನ ಮೇಲೆ ತಗೊಳ್ತಿದೀವಿ."

ಆ ಮಾತು ನನಗೆ ಚುಚ್ಚಿತು. ನನ್ನ ಮಾತಿನ ಮೇಲೆ ಎಂದರೆ ನನ್ನ ಬೆಸುಗೆ ಎಂದ ಹಾಗೆ. ಬಿಟ್ಟುಕೊಳ್ಳಬಾರದು.

ಕಂಡಕ್ಟರಣ್ಣ ವಾರದ ರಜೆಯನ್ನು ಭಾನುವಾರಕ್ಕೆ ಹಾಕಿಸಿಕೊಂಡರು. ಬೈರಕೂರಿನಿಂದ ಬರುವ ಇಬ್ಬರಿಗೆ ಹಿಂದಿನ ದಿನವೇ ಆ ಕಡೆಯ ಬಸ್ಸಿನವರ ಕೈಲಿ ಹೇಳಿ ಕಳಿಸುತ್ತಿದ್ದರು. ಉಳಿದವರಿಗೆ ಬಸ್ಸಿನ ಬಾಗಿಲಿನಿಂದಲೇ ಕೂಗು: "ಲೇ, ನಾಳೆ ಏಳು ಗಂಟೆ! ಏಳೂ ಐದಲ್ಲ!" ಎರಡನೇ ವಾರಕ್ಕೇ ಹದಿನಾಲ್ಕು ಜನ ಮೈದಾನದಲ್ಲಿ ನಿಂತಿದ್ದರು. ನಾನು ಟೈಲರ್ ಭಾಯ್ ಮುಖ ನೋಡಿ ಮೀಸೆ ತಿರುವಿದೆ.

ಆ ಮೀಸೆ ಹೆಚ್ಚು ದಿನ ಮೇಲಿರಲಿಲ್ಲ. ಭಾಯ್ ಕಂಡಕ್ಟರಣ್ಣನಿಗೆ ಆಫ್‌ಸೈಡ್ ಕಲಿಸಲು ಕೂತರು. ಬಟನ್ನುಗಳನ್ನು ಟೇಬಲ್ ಮೇಲೆ ಜೋಡಿಸಿ ಒಂದು ಗಂಟೆ ತೋರಿಸಿದರು. ಕಂಡಕ್ಟರಣ್ಣ ಎಲ್ಲ ಕೇಳಿಸಿಕೊಂಡು ಕೊನೆಗೆ, "ಮುಂದೆ ಹೋಗಿ ನಿಂತ್ಕೊಂಡ್ರೆ ತಪ್ಪು ಅಂತೀರಲ್ಲ ಭಾಯ್! ಮೂವತ್ತು ವರ್ಷದಿಂದ ನಾನು 'ಮುಂದೆ ಹೋಗಿ, ಮುಂದೆ ಹೋಗಿ' ಅಂದ್ಕೊಂಡೇ ಅನ್ನ ತಿಂದಿದೀನಿ" ಎಂದರು. ಭಾಯ್ ಬಟನ್ನುಗಳನ್ನು ಡಬ್ಬಿಗೆ ಸುರಿದುಕೊಂಡರು.

ಮೊದಲ ಪಂದ್ಯ ಮಾಲೂರಿನ ಮೇಲೆ. ನಮ್ಮವನೊಬ್ಬ ಚೆಂಡು ತೆಗೆದುಕೊಂಡು ಒಬ್ಬನೇ ಮಾಲೂರಿನ ಗೋಲಿನ ಕಡೆಗೆ ಓಡುತ್ತಿದ್ದಾನೆ. ಅಡ್ಡ ಯಾರೂ ಇಲ್ಲ. ಅದೇ ಹೊತ್ತಿಗೆ ಹಿಂದುಗಡೆ ನಮ್ಮ ಇನ್ನೊಬ್ಬ ಎಡವಿ ಬಿದ್ದ. ಗೆರೆಯ ಹೊರಗೆ ನಿಂತಿದ್ದ ಕಂಡಕ್ಟರಣ್ಣನ ಕೈ ತಾನಾಗಿ ಜೇಬಿಗೆ ಹೋಯಿತು. ಒಂದೇ ವಿಷಲ್, ಉದ್ದಕ್ಕೆ. ಬಸ್ಸಿನಲ್ಲಿ ಒಂದು ವಿಷಲ್ ಎಂದರೆ ನಿಲ್ಲಿಸು, ಎರಡು ಎಂದರೆ ಹೊರಡು. ನಮ್ಮ ಹುಡುಗರೆಲ್ಲ ಆ ಬಸ್ಸಿನಲ್ಲೇ ಶಾಲೆಗೆ ಹೋಗಿ ಬೆಳೆದವರು. ಹನ್ನೊಂದು ಜನವೂ ನಿಂತ ಜಾಗದಲ್ಲೇ ನಿಂತರು. ಓಡುತ್ತಿದ್ದವನೂ ನಿಂತ. ಮಾಲೂರಿನವರಿಗೆ ಆ ವಿಷಲ್ ಏನು ಗೊತ್ತು? ಚೆಂಡು ಕಿತ್ತುಕೊಂಡು ಬಂದು, ಕಂಬದ ಹಾಗೆ ನಿಂತಿದ್ದ ನಮ್ಮವರ ನಡುವೆ ನುಗ್ಗಿ ಗೋಲು ಹೊಡೆದರು. ರೆಫ್ರಿ ಗೋಲು ಕೊಟ್ಟೇಬಿಟ್ಟರು.

"ಯಾರ್ರೀ ವಿಷಲ್ ಹೊಡ್ದಿದ್ದು?"

"ನಾನೇ ಸಾರ್. ಹಿಂದ್ಗಡೆ ಒಬ್ರು ಬಿದ್ರು. ಬಿದ್ದೋರ್ನ ಬಿಟ್ಟು ಹೋಗೋದು ಹೆಂಗೆ?"

ಮೈದಾನದ ಸುತ್ತ ನಿಂತವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ರೈಟ್ ರೈಟ್, ಪೋನೀ ಪೋನೀ" ಎಂದು ಬಸ್ಸು ಹೊರಡಿಸುವ ಹಾಗೆ ತೆಲುಗಿನಲ್ಲಿ ಕೂಗಿದರು. ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

ಇನ್ನೊಂದು ಕಾಯಿಲೆ ಅವರಿಗೆ. ಆಡುತ್ತಿರುವವನನ್ನು ಹೊರಗೆ ಕರೆದು ಬೇರೆಯವನನ್ನು ಇಳಿಸುತ್ತಿರಲಿಲ್ಲ. ನಮ್ಮ ಗೋಲಿ, ಅಂದರೆ ಗೋಲ್‌ಕೀಪರ್, ಮುನಿರಾಜ, ಟೊಮೆಟೊ ಮಂಡಿಯಲ್ಲಿ ಲೋಡು ಹೊರುವವನು. ಎತ್ತಿನ ಹಾಗಿದ್ದ, ಆದರೆ ಅವನ ಕೈಕೆಳಗಿನಿಂದ ಚೆಂಡು ನುಸುಳುತ್ತಿತ್ತು. ಒಂದೇ ಪಂದ್ಯದಲ್ಲಿ ನಾಲ್ಕು ಬಿಟ್ಟ. "ಅವನ್ನ ತೆಗೀರಿ" ಎಂದು ಭಾಯ್ ಕೂಗುತ್ತಿದ್ದರು. ಇವರು ತಲೆ ಅಲ್ಲಾಡಿಸಿ, "ಟಿಕೆಟ್ ತಗೊಂಡೋನ್ನ ನಡುದಾರೀಲಿ ಇಳಿಸ್ಬಾರ್ದು ಭಾಯ್" ಎನ್ನುತ್ತಿದ್ದರು. ಮುನಿರಾಜ ಪಂದ್ಯ ಮುಗಿದ ಮೇಲೆ ಅವರ ಕಣ್ಣಿಗೆ ಬೀಳದ ಹಾಗೆ ಹಿಂದಿನಿಂದ ಹೋಗಿಬಿಡುತ್ತಿದ್ದ.

ನಾಲ್ಕು ತಾಲ್ಲೂಕಿನ ಆರು ಟೀಮು ಆಡುವ ಪಂದ್ಯಾವಳಿ ಅದು. ಪಾಯಿಂಟಿನಲ್ಲಿ ಎಲ್ಲರಿಗಿಂತ ಕೆಳಗೆ ಉಳಿದ ಟೀಮು ಮುಂದಿನ ವರ್ಷ ಹೊರಗೆ. ಅದರ ಜಾಗಕ್ಕೆ ಬರಲು ಹೋಳೂರಿನವರು ತುದಿಗಾಲಲ್ಲಿ ನಿಂತಿದ್ದರು. ನಾವು ಗೆದ್ದದ್ದು ಒಂದು, ಸೋತದ್ದು ಎಷ್ಟೋ. ಕೊನೆಯ ಪಂದ್ಯ ಶ್ರೀನಿವಾಸಪುರದ ಮೇಲೆ ಉಳಿದಿತ್ತು. ಅವರು ಎಲ್ಲರಿಗಿಂತ ಕೆಳಗೆ, ನಾವು ಅವರಿಗಿಂತ ಒಂದೇ ಪಾಯಿಂಟು ಮೇಲೆ. ಸಮವಾದರೂ ಉಳಿಯುತ್ತೇವೆ, ಸೋತರೆ ಹೋದೆವು. ಹೋದರೆ ಹುಡುಗರು ಚದುರುತ್ತಾರೆ, ಕ್ಲಬ್ಬು ಮುಚ್ಚಿದ ಹಾಗೆಯೇ.

ಆ ವಾರ ಟೈಲರ್ ಅಂಗಡಿಯಲ್ಲಿ ಕಮಿಟಿ ಸೇರಿತು. ಮ್ಯಾನೇಜರನ್ನು ಬದಲಾಯಿಸಬೇಕೋ ಬೇಡವೋ ಎನ್ನುವುದೊಂದೇ ಮಾತು. ಅನುಭವ ಇಲ್ಲ ಎಂದರು. ಊರೆಲ್ಲ ನಗುತ್ತಿದೆ ಎಂದರು. ನಾನು, "ತೆಗೆದು ಯಾರ್ನ ತರ್ತೀರಿ?" ಎಂದೆ.

"ಅದು ಆಮೇಲೆ. ಮೊದ್ಲು ಇವ್ರು ಇಳೀಲಿ" ಎಂದರು ಒಬ್ಬರು. "ಏಳನೇ ಕ್ಲಾಸಿನವ್ರು ಆರಿಸಿದ್ರೆ ಇನ್ನೆಂಥ ಮ್ಯಾನೇಜರ್ ಬರ್ತಾರೆ" ಎಂದು ಹಿಂದಿನಿಂದ ಯಾರೋ ಮೆಲ್ಲಗೆ ಅಂದರು. ನನ್ನ ಕಿವಿ ಬಿಸಿಯಾಯಿತು. ನಿಜ ಹೇಳುತ್ತೇನೆ, ಅಲ್ಲಿಯವರೆಗೆ ಅವರ ಪರವಾಗಿದ್ದವನು ಆ ಒಂದು ಮಾತಿಗೆ ಕೈ ಎತ್ತಿಬಿಟ್ಟೆ. ತೆಗೆಯುವವರ ಕಡೆಗೆ.

ಭಾಯ್ ಕಾಗದ ಬರೆದರು, ಎಲ್ಲರೂ ಸಹಿ ಹಾಕಿದೆವು. "ಹತ್ತಿಸಿದೋರು ನೀವು, ಇಳಿಸೋದೂ ನೀವೇ" ಎಂದು ಅದನ್ನು ನನ್ನ ಕೈಗೆ ಕೊಟ್ಟರು.

ಶುಕ್ರವಾರ ಮಧ್ಯಾಹ್ನ ಮೊಪೆಡ್ಡನ್ನು ಶಾಪಿನ ಮುಂದೆ ನಿಲ್ಲಿಸಿ ನಂಗಲಿ ಬಸ್ಸು ಹತ್ತಿದೆ. ಅವರು ಟಿಕೆಟ್ ಕೊಟ್ಟರು, ಊಟ ಆಯ್ತಾ ಅಣ್ಣ ಎಂದರು, ಮುಂದೆ ಹೋದರು. ಬಸ್ಸು ತುಂಬ ಜನ. ಹೇಳುವುದೆಲ್ಲಿ? ಊರು ಬಿಟ್ಟು ಹತ್ತು ನಿಮಿಷವೂ ಆಗಿರಲಿಲ್ಲ, ಕೆಳಗಿನಿಂದ ಸುಟ್ಟ ವಾಸನೆ ಬಂತು. ಬಸ್ಸು ನರಳಿಕೊಂಡು ರಸ್ತೆ ಬದಿಗೆ ನಿಂತಿತು. ಡ್ರೈವರ್ ಜೊತೆ ನಾನೂ ಇಳಿದು ಅಡಿಗೆ ತೂರಿ ನೋಡಿದೆ. ಕ್ಲಚ್ ಪ್ಲೇಟು ಹೋಗಿತ್ತು. ಎಳೆದುಕೊಂಡೇ ಹೋಗಬೇಕು.

"ಏನ್ ಕಂಡಕ್ಟರೇ, ಹಿಂಗೇ ಕೂರಿಸ್ತೀರಾ ನಮ್ನ?" ಎಂದು ಒಬ್ಬ ಹೆಂಗಸು ಜೋರು ಮಾಡಿದಳು.

"ನೆರಳಲ್ಲಿ ಕೂತ್ಕೊಳ್ಳಮ್ಮ. ಹಿಂದಿನ ಗಾಡಿ ಬರ್ತದೆ."

ಒಬ್ಬ ಪ್ಯಾಂಟಿನವನು ಲಾರಿಗೆ ಕೈ ಅಡ್ಡ ಹಿಡಿದ. ಇವರು ಓಡಿ ಹೋಗಿ, "ಹತ್ತೋದಾದ್ರೆ ಹತ್ತಪ್ಪ, ನಂಗೆ ಹೇಳಿ ಹತ್ತು. ಎಣಿಕೆ ತಪ್ತದೆ" ಎಂದರು. ಮೊದಲು ಬಂದ ಬಸ್ಸು ತುಂಬಿ ಬಾಗಿಲಲ್ಲಿ ಜನ ಜೋತಾಡುತ್ತಿದ್ದರು. ಆದರೂ ನಿಲ್ಲಿಸಿ, ಆ ಕಂಡಕ್ಟರನ್ನು ಕಾಡಿಬೇಡಿ, ಕೂಸು ಎತ್ತಿಕೊಂಡಿದ್ದ ಇಬ್ಬರನ್ನು ಹತ್ತಿಸಿದರು. ಎರಡನೇ ಬಸ್ಸು ಬರುವವರೆಗೆ ಬಿಸಿಲಲ್ಲಿ, ರಸ್ತೆಯ ಅಂಚಿನಲ್ಲಿ ನಿಂತೇ ಇದ್ದರು. ಅದು ಬಂದಾಗ ಉಳಿದವರನ್ನೆಲ್ಲ ಒಬ್ಬೊಬ್ಬರಾಗಿ ಭುಜ ಮುಟ್ಟಿ ಒಳಗೆ ಕಳಿಸಿ, ಜೋರು ಮಾಡಿದ ಹೆಂಗಸಿನ ಗಂಟನ್ನೂ ಎತ್ತಿಕೊಟ್ಟು, ಇನ್ನೊಬ್ಬರ ಬಸ್ಸಿಗೆ ತಾವೇ ಎರಡು ವಿಷಲ್ ಹೊಡೆದರು.

ಉಳಿದದ್ದು ನಾವು ಮೂವರು. ಡ್ರೈವರ್ ಹುಣಸೆ ಮರದ ಕೆಳಗೆ ಟವೆಲ್ ಹಾಸಿಕೊಂಡ.

"ನೀವ್ಯಾಕೆ ಹತ್ತಲಿಲ್ಲ ಅಣ್ಣ?" ಎಂದರು.

"ನಂಗೆ ನಂಗಲೀಲಿ ಏನೂ ಕೆಲಸ ಇಲ್ಲ."

"ಗೊತ್ತು. ಮೊಪೆಡ್ ಬಿಟ್ಟು ಬಸ್ ಹತ್ತೋರಲ್ಲ ನೀವು. ಕೈಯಲ್ಲಿ ಚೀಲ ಇಲ್ಲ. ಎಡಗಡೆ ಜೇಬನ್ನ ಮೂರು ಸಲ ಮುಟ್ಕೊಂಡ್ರಿ. ಮೂವತ್ತು ವರ್ಷದಿಂದ ಜೇಬು ಮುಟ್ಕೊಳ್ಳೋರ್ನ ನೋಡ್ತಾ ಇದೀನಿ ಅಣ್ಣ. ಇಳೀರಿ ಅಂತ ಕಾಗದಾನಾ?"

ನನ್ನ ಕೈ ನಾಲ್ಕನೇ ಸಲ ಆ ಜೇಬಿಗೆ ಹೋಯಿತು. ಅವರು ಟೋಪಿ ತೆಗೆದು ನೆತ್ತಿ ಒರೆಸಿಕೊಂಡರು.

"ಇಳೀತೀನಿ, ಅದಕ್ಕೇನು. ಗಾಡಿ ಕೆಟ್ಟೈತೆ ಅಂತ ನಂಗೆ ಗೊತ್ತಾಗಲ್ವಾ? ಮೂರನೇ ಮ್ಯಾಚಿಗೇ ಗೊತ್ತಾಯ್ತು. ಆದ್ರೆ ಈಗ ನೀವೇ ನೋಡಿದ್ರಲ್ಲ. ಗಾಡಿ ಕೆಡ್ತು ಅಂತ ಕಂಡಕ್ಟರ್ ಎದ್ದು ಮನೆಗೆ ಹೋಗ್ಬಿಟ್ರೆ ಜನ ಏನ್ ಮಾಡ್ಬೇಕು? ಹಿಂದಿನ ಗಾಡಿ ಬರೋ ತನಕ ನಿಲ್ಬೇಕು. ಒಬ್ಬೊಬ್ರನ್ನೂ ಹತ್ತಿಸ್ಬೇಕು. ಆಮೇಲೆ ನಾನು. ನಿಮ್ ಕಮಿಟಿ ಹಿಂದಿನ ಗಾಡಿ ಯಾವ್ದು ಅಂತ ನೋಡೈತಾ?"

"ಇಲ್ಲ."

"ನಾನು ನೋಡಿದೀನಿ" ಎಂದರು.

ಪ್ರತಿ ಗುರುವಾರ ನಂಗಲಿಯ ಮಗಳ ಮನೆಗೆ ಹೋಗುವ ಒಬ್ಬರು ತಾತ ಅವರ ಬಸ್ಸು ಹತ್ತುತ್ತಿದ್ದರಂತೆ. ಚಿನ್ನದ ಗಣಿಯ ಊರಿನವರು, ಗಣಿ ನಡೆಯುತ್ತಿದ್ದ ಕಾಲದಲ್ಲಿ ಅಲ್ಲಿನ ಟೀಮಿಗೆ ಆಡಿದವರು. ಇವರು ಎರಡು ತಿಂಗಳಿಂದ ಆ ತಾತನಿಗೆ ಮುಂದಿನ ಸೀಟು ಹಿಡಿದು, ಪಕ್ಕದಲ್ಲೇ ನಿಂತು ಆಟದ ವಿಷಯ ಕೇಳಿಕೊಳ್ಳುತ್ತಿದ್ದರು. ಬಂದು ಹುಡುಗರನ್ನು ನೋಡಿ ಎಂದು ಪ್ರತಿ ವಾರ ಕೇಳುವುದು, ಮಂಡಿನೋವು ಎಂದು ತಾತ ಪ್ರತಿ ವಾರ ಅನ್ನುವುದು. ಹಿಂದಿನ ದಿನವಷ್ಟೇ ಒಪ್ಪಿದ್ದರು.

"ಕಾಗದ ಭಾನುವಾರದ ತನಕ ನಿಮ್ ಜೇಬಲ್ಲೇ ಇರ್ಲಿ ಅಣ್ಣ. ಆಮೇಲೆ ಕೊಡೋದಿದ್ರೆ ಕೊಡಿ" ಎಂದರು.

ಭಾನುವಾರ ತಾತ ಬಂದರು. ಗೆರೆ ಪಕ್ಕ ಕುರ್ಚಿ ಹಾಕಿಸಿಕೊಂಡು, ಪಂದ್ಯಕ್ಕೆ ಮೊದಲು ಹುಡುಗರು ಮೈ ಬಿಸಿ ಮಾಡಿಕೊಳ್ಳುವುದನ್ನು ಕಾಲು ಗಂಟೆ ನೋಡಿದರು.

"ಯಾರಪ್ಪಾ ಆ ಗೋಲಿ? ಟೊಮೆಟೊ ಕ್ರೇಟ್ ಹಿಡಿಯೋನಾ? ಅದಕ್ಕೇ ಚೆಂಡು ಎದೆಗೆ ಬರ್ಲಿ ಅಂತ ಕಾಯ್ತಾನೆ. ಚೆಂಡನ್ನ ಯಾರೂ ಎದೆಗೆ ಎತ್ತಿ ಕೊಡಲ್ಲ. ಆ ಭುಜ ನೋಡು! ಅವನ್ನ ಗೋಲಿನ ಮುಂದೆ ಅಡ್ಡ ನಿಲ್ಸು, ಯಾರು ದಾಟ್ತಾರೋ ನೋಡೋಣ. ಆ ಉದ್ದದೋನು ಗೋಲಿಗೆ ಹೋಗ್ಲಿ. ಯಾರ್ನೂ ಹೊರಗೆ ಹಾಕ್ಬೇಡ. ಜಾಗ ಬದಲಾಯಿಸು ಸಾಕು."

ಕಂಡಕ್ಟರಣ್ಣನ ಮುಖ ನಾನು ಮರೆಯುವುದಿಲ್ಲ. "ಸೀಟು ಬದಲಾಯಿಸೋದಾ? ಅಷ್ಟೇನಾ? ಅದು ನಂಗೆ ಬರ್ತದೆ ತಾತ! ದಿನಾ ಮಾಡೋದು ಅದೇ!"

ಶುರುವಾಗುವ ಮೊದಲು ನನ್ನ ಹತ್ತಿರ ಬಂದು ವಿಷಲನ್ನು ಕೈಗೆ ಕೊಟ್ಟರು. "ಇದು ನಿಮ್ ಹತ್ರ ಇರ್ಲಿ ಅಣ್ಣ. ನನ್ ಕೈ ನಂಬೋಕಾಗಲ್ಲ." ಕಾಗದ ಇದ್ದ ಜೇಬಿಗೇ ಹಾಕಿಕೊಂಡೆ.

ಶ್ರೀನಿವಾಸಪುರದವರು ಮೊದಲು ಗೋಲು ಹೊಡೆದರು. ಸುತ್ತ ನಿಂತವರು "ರೈಟ್ ರೈಟ್" ಎಂದು ಶುರು ಮಾಡಿದರು. ಅರ್ಧ ಆಟದ ಮೇಲೆ ಒಂದು ಕಾರ್ನರ್ ಸಿಕ್ಕಿತು. ಮುನಿರಾಜ ಹಿಂದಿನಿಂದ ಓಡಿ ಬಂದು, ಹತ್ತು ಜನರ ನಡುವೆ ಮೇಲೆದ್ದು, ಹಣೆಯಿಂದ ಗುದ್ದಿದ. ಚೆಂಡು ಬಲೆಗೆ ಬಿತ್ತು. ಅವನು ಓಡಿದ್ದು ಜೊತೆಯ ಹುಡುಗರ ಕಡೆಗಲ್ಲ, ಗೆರೆಯಾಚೆ ನಿಂತಿದ್ದ ಕಂಡಕ್ಟರಣ್ಣನ ಕಡೆಗೆ. ಬಂದು ಎತ್ತಿಯೇಬಿಟ್ಟ. "ಇಳಿಸೋ ಲೇ, ಇಳಿಸೋ! ಇನ್ನೂ ಆಟ ಐತೆ!" ಎಂದು ಇವರು ಮೇಲಿನಿಂದ ಬೈಯುತ್ತಿದ್ದರು.

ಆ ಕೊನೆಯ ಹತ್ತು ನಿಮಿಷ ನಾನು ನಮ್ಮ ಗೋಲ್ ಪೋಸ್ಟಿನ ಹಿಂದೆ ಹೋಗಿ ನಿಂತೆ. ಒಮ್ಮೆ ನಮ್ಮವನೊಬ್ಬ ಬಿದ್ದ. ಕಂಡಕ್ಟರಣ್ಣನ ಕೈ ಜೇಬಿಗೆ ಹೋಯಿತು, ಬರಿಗೈ ಬಾಯಿಯವರೆಗೆ ಬಂತು, ಅಲ್ಲೇ ನಿಂತಿತು. ಬಿದ್ದವನು ತಾನೇ ಎದ್ದ. ರೆಫ್ರಿಯ ವಿಷಲ್ ಆಯಿತು. ಒಂದಕ್ಕೊಂದು. ಉಳಿದುಕೊಂಡೆವು. ನಾನು ನನ್ನದೇ ಗೋಲ್ ಪೋಸ್ಟಿಗೆ ಒರಗಿ ಕೂತೆ. ಪೋಸ್ಟು ಅಲ್ಲಾಡಲಿಲ್ಲ.

ಅವರು ಬಂದು ಕೈ ಚಾಚಿದರು. "ಅಣ್ಣ, ನಂದು ಕೊಡಿ."

ಜೇಬಿಗೆ ಕೈ ಹಾಕಿದರೆ ಎರಡೂ ಸಿಕ್ಕವು, ಬೆವರಿಗೆ ತೊಯ್ದ ಕಾಗದ, ಅದಕ್ಕೆ ಅಂಟಿದ ವಿಷಲ್. ಬಿಡಿಸಿ ವಿಷಲ್ ಕೊಟ್ಟೆ. ಸೋಮವಾರ ಬೆಳಿಗ್ಗೆ ಶಾಪಿನ ಬಾಗಿಲು ತೆಗೆದವನೇ ಗ್ಯಾಸ್ ಕಟರ್ ಹಚ್ಚಿ, ಮೊದಲ ಕೆಲಸವಾಗಿ ಆ ಕಾಗದ ಸುಟ್ಟೆ. ಟೈಲರ್ ಭಾಯ್‌ಗೆ ಹೇಳಿದಾಗ, "ಅಚ್ಛಾ ಕರೇ ಭಾಯ್, ಒಳ್ಳೇದ್ ಮಾಡಿದ್ರಿ. ಸಹಿ ಹಾಕಿದಾಗ್ನಿಂದ ಹೊಲಿಗೆ ನೆಟ್ಟಗೆ ಬೀಳ್ತಿರಲಿಲ್ಲ" ಎಂದರು.

ಆಮೇಲೆ ಅವರು ಇನ್ನೂ ಮೂರು ವರ್ಷ ಮ್ಯಾನೇಜರಾಗಿದ್ದರು. ಆಟ ಹೇಳಿಕೊಡುವುದು ತಾತ, ಜನ ಸೇರಿಸುವುದು ಇವರು. ಬಸ್ಸಿಗೆ ಇಬ್ಬರಿರುತ್ತಾರೆ, ನಾವು ಒಬ್ಬರ ಕೈಗೇ ಸ್ಟೇರಿಂಗೂ ಟಿಕೆಟ್ಟೂ ಕೊಟ್ಟು ಕೂತಿದ್ದೆವು. ಕಪ್ಪು ಗೆಲ್ಲಲಿಲ್ಲ. ಪಂದ್ಯಾವಳಿಯಿಂದ ಹೊರಗೂ ಬೀಳಲಿಲ್ಲ. ಆಫ್‌ಸೈಡ್ ಅವರಿಗೆ ಕೊನೆಯವರೆಗೂ ಹತ್ತಲಿಲ್ಲ.

ಹೋದ ತಿಂಗಳು ಅವರ ಕೊನೆಯ ಟ್ರಿಪ್ಪು. ನಂಗಲಿಯಿಂದ ಮುಳಬಾಗಿಲಿಗೆ, ಮಧ್ಯಾಹ್ನದ ಬಸ್ಸು. ಟೀಮಿನವರೆಲ್ಲ ನಂಗಲಿಗೆ ಹೋಗಿ ಟಿಕೆಟ್ ತೆಗೆದುಕೊಂಡು ಕೂತಿದ್ದೆವು. ಮುಳಬಾಗಿಲಿನ ಸ್ಟ್ಯಾಂಡಿನಲ್ಲಿ ಎಲ್ಲರೂ ಇಳಿದ ಮೇಲೆ ನಾನೊಬ್ಬ ಉಳಿದೆ.

"ಅಣ್ಣ, ಒಂದು ಕೇಳ್ಲಾ?" ಎಂದರು. "ಆ ಕಾಗದ ಇನ್ನೂ ಐತಾ?"

"ಯಾವ ಕಾಗದ? ಅದಾ? ಮಾರನೇ ದಿನಾನೇ ಸುಟ್ಟೆನಲ್ಲ!"

ಅವರು ಮೆಲ್ಲಗೆ ಮುಂದಿನ ಸೀಟಿನಲ್ಲಿ ಕೂತರು. ಆ ಬಸ್ಸಿನಲ್ಲಿ ಅವರು ಕೂತದ್ದನ್ನು ನಾನು ಅದೇ ಮೊದಲು ನೋಡಿದ್ದು.

"ಸುಟ್ರಾ... ನೀವು ನಂಗೆ ಹೇಳ್ಲೇ ಇಲ್ಲ. ಭಾನುವಾರದ ತನಕ ಅಂದಿದ್ದೆ ನಾನು. ಯಾವ ಭಾನುವಾರ ಕೊಡ್ತೀರೋ ಅಂತ ಮೂರು ವರ್ಷದಿಂದ ನಿಮ್ ಎಡಗಡೆ ಜೇಬೇ ನೋಡ್ತಿದ್ದೆ ಅಣ್ಣ."

"ಅಯ್ಯೋ ಕಂಡಕ್ಟರಣ್ಣ! ಒಂದು ಮಾತು ಕೇಳ್ಬಾರ್ದಿತ್ತಾ?"

"ಕೇಳಿದ್ರೆ ಕೊಟ್ಬಿಟ್ರೆ?"

ಹಾಗೆಂದು ನನ್ನ ಎಡಗಡೆ ಜೇಬನ್ನು ಇನ್ನೊಮ್ಮೆ ನೋಡಿದರು. ಆಮೇಲೆ ಅವರಿಗೆ ನಗು ಬಂತು, ಹೊಟ್ಟೆಯೊಳಗಿನಿಂದ. ಕೆಳಗೆ ನಿಂತಿದ್ದ ಮುನಿರಾಜ ಬಗ್ಗಿ ನೋಡಿದ. ಅವರು ಕಣ್ಣು ಒರೆಸಿಕೊಂಡು, ಉದ್ದಕ್ಕೆ ಉಸಿರು ಬಿಟ್ಟು, "ಸದ್ಯ. ಹಗುರಾಯ್ತು" ಎಂದು ಎದ್ದರು. "ಇಳೀರಿ ಅಣ್ಣ. ಮೊದ್ಲು ನೀವು."

ಇಳಿದು ನಿಂತೆ. ಒಳಗಿನಿಂದ ಟಣ್ ಟಣ್ ಕೇಳಿಸಿತು. ಖಾಲಿ ಸೀಟುಗಳ ಮೇಲಿನ ಕಂಬಿಗಳು, ಹಿಂದಿನಿಂದ ಮುಂದಕ್ಕೆ, ಒಂದನ್ನೂ ಬಿಡಲಿಲ್ಲ. ಆಮೇಲೆ ಕೆಳಗಿಳಿದು ಬಾಗಿಲು ಹಾಕಿ, ಡಿಪೋಗೆ ಹೋಗಬೇಕಾಗಿದ್ದ ಬಸ್ಸಿಗೆ ಎರಡು ವಿಷಲ್ ಹೊಡೆದು, ನಮ್ಮ ಜೊತೆ ಟೀ ಕುಡಿಯಲು ಬಂದರು.